ಕತ್ತಿನಿಂದ ಹಿಮ್ಮಡಿಯವರೆಗೆ

ಕಾಲಿನ ನರಗಳು ಗಂಟುಕಟ್ಟಿಕೊಂಡಿವೆಯೆಂದು ಡಾಕ್ಟರು ನನಗೆ ಬಿಗಿಯಾದ ಸ್ಟಾಕಿಂಗ್ಸ್ ಬರೆದುಕೊಟ್ಟಿದ್ದಾರೆ. ಅದನ್ನು ಹಾಕಿಕೊಳ್ಳುವುದೇ ಒಂದು ಎಕ್ಸರ್‌ಸೈಜು. ಮೊನ್ನೆ ಹುಣಸೂರಿನ ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ ಒಂದು ಉಪಾಯ ತೋರಿಸಿದಳು. ಮೊದಲು ಪಾದಕ್ಕೆ ತೆಳು ಪ್ಲಾಸ್ಟಿಕ್ ಕವರು ಹಾಕಬೇಕು, ಅದರ ಮೇಲೆ ಪೌಡರು ಉದುರಿಸಿ ಸ್ಟಾಕಿಂಗ್ ಎಳೆಯಬೇಕು, ಕೊನೆಗೆ ಕಾಲ್ಬೆರಳ ಬಳಿಯ ತೆರೆದ ತುದಿಯಿಂದ ಕವರನ್ನು ಸರ್ರನೆ ಕಿತ್ತುಬಿಡಬೇಕು.

"ಯಾಕ್ ಮೇಡಂ ಹಂಗ್ ನೋಡ್ತಿದ್ದೀರಾ, ನೋವಾಯ್ತಾ?" ಅಂದಳು.

ನೋವಾಗಿರಲಿಲ್ಲ. ಉಪಾಯ ನನಗೆ ಗೊತ್ತಿತ್ತು, ಅಷ್ಟೆ. ಹಿಂದೊಮ್ಮೆ ನಾನೇ ಒಬ್ಬ ಹುಡುಗಿಯ ಪಾದಕ್ಕೆ ಕವರು ಹಾಕಿ, ಪೌಡರು ಹಚ್ಚಿ, ಕರಿಯ ರಬ್ಬರಿನಂಥ ಈಜುಡುಗೆಯನ್ನು ಮಂಡಿಗೆ, ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಇಂಚಿಂಚಾಗಿ ಏರಿಸಿದ್ದೆ. ಅರ್ಧ ಗಂಟೆ ಹಿಡಿದಿತ್ತು. ಇಬ್ಬರಿಗೂ ಬೆವರು. ಹುಡುಗಿಯ ಹೆಸರು ಪವಿತ್ರ.

ಅದು ನಾನು ರಿಟೈರಾದ ವರ್ಷ. ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ, ಆಮೇಲೆ ಮೂರು ದಶಕ ಇಂಗ್ಲಿಷ್ ಕಲಿಸಿದ್ದೂ ಒಂದು ಕಾನ್ವೆಂಟಿನಲ್ಲೇ. ಹುಡುಗಿಯಾಗಿದ್ದಾಗ ಸಿಸ್ಟರ್ ಬೆನೆಡಿಕ್ಟ ಹೊಲಿಸಿಕೊಟ್ಟ, ಸುತ್ತ ಫ್ರಿಲ್ ಇದ್ದ ಕಾಟನ್ ಕಾಸ್ಟ್ಯೂಮಿನಲ್ಲಿ ನಾನೂ ಈಜಿದವಳು. ಆ ಹುಚ್ಚಿಗೆ ಮೈಸೂರಿನಲ್ಲಿ ಸ್ವಿಮ್ಮಿಂಗ್ ಮೀಟ್ ಎಲ್ಲಿ ನಡೆದರೂ ಟೈಮ್‌ಕೀಪರ್ ಆಗಿ, ಬಿಳಿ ಸೀರೆಯುಟ್ಟು, ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದೆ. ಮದುವೆ ಆಗಲಿಲ್ಲ. ರಿಟೈರಾದ ಮೇಲೆ ತಮ್ಮ ಪ್ರಭು, "ಬಾ ಅಕ್ಕ, ಒಂದು ವರ್ಷ ನಮ್ಮ ಜೊತೆ ಇರು, ಕ್ವಾರ್ಟರ್ಸ್ ತುಂಬ ದೊಡ್ಡದು" ಎಂದು ಕರೆದ. ಅವನು ಆಗ ಬೀಚನಹಳ್ಳಿಯಲ್ಲಿ, ಕಬಿನಿ ಡ್ಯಾಮಿನ ಎಂಜಿನಿಯರು.

ಬೀಚನಹಳ್ಳಿಯ ಮಳೆಗಾಲ ವಿಚಿತ್ರ. ಮಳೆ ಬೀಳುವುದು ವಯನಾಡಿನಲ್ಲಿ, ನೀರು ಬರುವುದು ನಮ್ಮಲ್ಲಿ. ಇಲ್ಲಿ ಬರೀ ಜಡಿ, ಗಾಳಿ, ಒಣಗದ ಬಟ್ಟೆ. ಆದರೆ ಬೆಳಗ್ಗೆ ಎದ್ದು ನೋಡಿದರೆ ಹಿನ್ನೀರು ನಿನ್ನೆಗಿಂತ ಎರಡು ಮಾರು ಮುಂದೆ ಬಂದಿರುತ್ತಿತ್ತು. ಅಂಥ ಒಂದು ಬೆಳಗ್ಗೆ, ದಡದ ಪಂಪಿಗೆ ಜೋಡಿಸಿದ್ದ ಡ್ರಮ್ಮು ಹಗ್ಗ ಕಿತ್ತುಕೊಂಡು ತೇಲಿಹೋಗುತ್ತಿತ್ತು. ದಡದಲ್ಲಿ ಒಬ್ಬ ರೈತ ಕೂಗುತ್ತಿದ್ದ. ಹದಿನೈದರ ಹುಡುಗಿಯೊಬ್ಬಳು ಚೂಡಿದಾರದ ಟಾಪನ್ನು ಸೊಂಟಕ್ಕೆ ಗಂಟು ಹಾಕಿ ನೀರಿಗೆ ಧುಮುಕಿದಳು. ಅಭ್ಯಾಸ ನೋಡಿ, ನಾನು ವಾಚ್ ನೋಡಿಕೊಂಡೆ. ಅವಳು ಡ್ರಮ್ಮು ಮುಟ್ಟಿದಾಗ ಮತ್ತೊಮ್ಮೆ ನೋಡಿಕೊಂಡೆ. ವಾಚು ಕೆಟ್ಟಿದೆಯೇನೋ ಅಂದುಕೊಂಡೆ.

ರೈತನ ಹೆಸರು ಮಹದೇವ, ಅವನ ಮಗಳೇ ಪವಿತ್ರ. ಮೈಸೂರು ದಾರಿಯ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಇವಳನ್ನು ಮೈಸೂರಿನ ಪೂಲಿಗೆ ಕರೆದುಕೊಂಡು ಹೋಗುತ್ತೇನೆ, ಸ್ಟೇಟ್ ಮೀಟಿನಲ್ಲಿ ಮೊದಲ ಮೂವರಲ್ಲಿ ಬಂದರೆ ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ, ಊಟ, ಓದು, ಕೋಚಿಂಗ್ ಎಲ್ಲ ಅಲ್ಲೇ ಎಂದೆ. ಮಹದೇವ ತಲೆ ಕೆರೆದುಕೊಂಡು, "ನಮ್ಮವ್ವನ್ನ ಕೇಳಿ ಮೇಡಮ್ಮೋರೆ" ಅಂದ.

ಅವನ ಅವ್ವ ಸಾಕಮ್ಮ. ಆ ಬೀದಿಯಲ್ಲಿ ಅವರ ಮಾತಿಗೆ ಒಂದು ತೂಕವಿತ್ತು. ಯಾರ ಮನೆಯಲ್ಲಿ ಜಗಳವಾದರೂ ಸಾಕಮ್ಮನ ಜಗಲಿಗೇ ಬರುವುದು.

"ಈಜ್ಲಿ ಬುಡಿ ಟೀಚ್ರಮ್ಮ, ಯಾರ್ ಬ್ಯಾಡ ಅಂದರು? ನಾನೂ ಈಜಿವ್ನಿ. ಆದ್ರೆ ಪೇಪರ್ನಲ್ಲಿ ಬತ್ತದಲ್ಲ, ಅಂಗೆ ತೊಡೆ ಬುಟ್ಕಂಡು ನಾಕ್ ಜನ ಗಂಡಸರ ಮುಂದೆ ನಿಂತ್ಕಳಾದು ಮಾತ್ರ ಆಗಾಕಿಲ್ಲ."

ನಾನು ಮಾತು ಬೆಳೆಸದೆ ಅಭ್ಯಾಸ ಶುರು ಮಾಡಿಸಿದೆ. ಪ್ರಭು ತನ್ನ ಸರ್ವೆ ಟೇಪು ತಂದು, ಅಲೆಯಿಲ್ಲದ ಒಂದು ಮೂಲೆಯಲ್ಲಿ ಐವತ್ತು ಮೀಟರ್ ಅಳೆದು, ಎರಡೂ ಕೊನೆಗೆ ಖಾಲಿ ಕ್ಯಾನು ಕಟ್ಟಿಸಿದ. ಪವಿತ್ರ ಚೂಡಿದಾರದಲ್ಲೇ ಹೋಗಿ ಬರುತ್ತಿದ್ದಳು. ತಿರುಗುವುದು, ಉಸಿರು ಹಿಡಿಯುವುದು, ಮೊಣಕೈ ಎತ್ತುವುದು, ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ.

ಆ ವರ್ಷ ಈಜಿನ ಲೋಕದಲ್ಲೆಲ್ಲ ಒಂದೇ ಮಾತು, ಉಡುಗೆಯದು. ಹೊಸ ಬಗೆಯ ಸೂಟುಗಳು ಬಂದಿದ್ದವು. ಅವು ನೀರು ಕುಡಿಯುವುದಿಲ್ಲ, ಮೈಯನ್ನು ಅದುಮಿ ಹಿಡಿದು ಮೇಲಕ್ಕೆ ತೇಲಿಸುತ್ತವೆ, ಸುಸ್ತಾದ ಕಾಲು ಕೂಡ ಕೆಳಗಿಳಿಯುವುದಿಲ್ಲ. ರೆಕಾರ್ಡುಗಳು ಒಂದರ ಹಿಂದೊಂದು ಉದುರುತ್ತಿದ್ದವು. ಈಜುವುದು ಮನುಷ್ಯನೋ ಬಟ್ಟೆಯೋ ಎಂದು ಪೇಪರಿನವರು ಕೇಳುತ್ತಿದ್ದರು. ನಾನು ಆಫ್ ಕೋರ್ಸ್ ಬಟ್ಟೆಯ ವಿರುದ್ಧ. ನಮಗೆ ಸಿಸ್ಟರ್ ಕಲಿಸಿದ್ದು ಫೇರ್ ಪ್ಲೇ. ಎರಡು ಹೊತ್ತು ಊಟಕ್ಕೆ ಮುಂಚೆ ಪ್ರೇಯರ್ ಎಷ್ಟು ಮುಖ್ಯವೋ, ಅದೂ ಅಷ್ಟೇ.

ಹಾಗಿದ್ದೂ ಬೆಂಗಳೂರಿನಲ್ಲಿದ್ದ ನನ್ನ ಹಳೆಯ ಸ್ಟೂಡೆಂಟ್ ರೇಖಾ ಫೋನ್ ಮಾಡಿ, "ಮಿಸ್, ನನ್ನ ಮಗಳು ಉದ್ದ ಆಗಿಬಿಟ್ಟಿದ್ದಾಳೆ, ಅವಳ ಫುಲ್ ಸೂಟ್ ಹಾಗೇ ಬಿದ್ದಿದೆ, ಯಾರಿಗಾದರೂ ಬೇಕಾ?" ಅಂದಾಗ, ಕಳಿಸು ಎಂದುಬಿಟ್ಟೆ. ನನ್ನ ಕಣ್ಣಿಗೆ ಬಿದ್ದದ್ದು ಅದು ತೇಲಿಸುತ್ತದೆ ಎಂಬುದಲ್ಲ. ಮುಚ್ಚುತ್ತದೆ ಎಂಬುದು.

ಸಾಕಮ್ಮ ಅದನ್ನು ಜಗಲಿಯ ಮೇಲೆ ಹರಡಿ, ಎಳೆದು, ಮೂಸಿ ನೋಡಿದರು.

"ಇದ್ಯಾನವ್ವ ಇದು, ಟೈರ್ ಕುಯ್ದು ಒಲ್ದವ್ರಾ? ಕೇರೆಹಾವು ಪೊರೆ ಬುಟ್ಟಂಗದೆ."

"ನಿನ್ ಸೀರೆಗಿಂತ ಜಾಸ್ತಿ ಮುಚ್ತದೆ ಕಣಜ್ಜಿ," ಅಂದಳು ಪವಿತ್ರ.

"ಬಾಯ್ ಮುಚ್ಚೇ ನೀನು. ಟೀಚ್ರಮ್ಮ, ಎಲ್ಲಾ ಹೆಣ್ಮಕ್ಕಳೂ ಇದ್ನೇ ಆಕತಾರಾ, ಇಲ್ಲ ನಮ್ ಮಗೀಗ್ ಮಾತ್ರ ಈ ವೇಸವಾ?"

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂತು. "ಇದು ಸರ್ಕಾರದ ರೂಲು ಸಾಕಮ್ಮನವರೆ. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚಿರಲೇಬೇಕು. ಇಲ್ಲದಿದ್ದರೆ ನೀರಿಗೇ ಬಿಡೋಲ್ಲ."

ಅಂಥ ರೂಲು ಎಲ್ಲೂ ಇರಲಿಲ್ಲ. ಒಂದು ವೈಟ್ ಲೈ ಅಂದುಕೊಂಡೆ. ಪವಿತ್ರ ನನ್ನ ಮುಖ ನೋಡಿದಳು. ಸಾಕಮ್ಮ ಸೂಟನ್ನು ಮಡಿಸಿ ನನ್ನ ಕೈಗಿಟ್ಟು, "ಅಂಗಂದ್ರೆ ಸರ್ಕಾರದೋರ್ಗೂ ಒಸಿ ಮಾನ ಮರ್ಯಾದೆ ಅದೆ ಅನ್ನಿ. ಕರ್ಕಂಡೋಗಿ" ಎಂದರು.

ಆಮೇಲೆ ವಾರಕ್ಕೆ ಎರಡು ದಿನ ಬಸ್ಸು. ಬೀಚನಹಳ್ಳಿಯಿಂದ ಹ್ಯಾಂಡ್‌ಪೋಸ್ಟ್, ಅಲ್ಲಿಂದ ಮೈಸೂರು. ಪವಿತ್ರ ಕಿಟಕಿ ಪಕ್ಕ ಕೂತು ಸೀಟಿನ ಕಂಬಿಯ ಮೇಲೆ ಬೆರಳಿನಲ್ಲೇ ಸ್ಟ್ರೋಕು ಎಣಿಸುತ್ತಿದ್ದಳು. ಪೂಲಿನಲ್ಲಿ ಮೊದಲ ದಿನ ಕ್ಲೋರಿನ್ನಿಗೆ ಕಣ್ಣು ಕೆಂಪಾಗಿ, "ಮಿಸ್, ಈ ನೀರ್ಗೆ ಯಾನ ಬೆರೆಸವ್ರೆ, ಮೀನ್ ಬದುಕ್ತವಾ ಇದ್ರಲ್ಲಿ?" ಎಂದು ಕೇಳಿದ್ದಳು.

ದಸರೆ ಕಳೆದ ಮೇಲೆ ಜಿಲ್ಲಾ ಮಟ್ಟದ ಮೀಟು. ಅಂದೇ ಅವಳು ಆ ಸೂಟನ್ನು ಮೊದಲ ಸಲ ಹಾಕಿದ್ದು; ಹರಿದೀತೆಂದು ಅಭ್ಯಾಸಕ್ಕೆಲ್ಲ ಚೂಡಿದಾರವೇ. ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಎರಡನೆಯವಳಾಗಿ ಬಂದಳು. ನನ್ನ ವಾಚು ನೋಡಿದೆ. ಅಭ್ಯಾಸದಲ್ಲಿ ಎಂದೂ ಬಾರದ ಟೈಮು. ಖುಷಿಯಾಗಬೇಕಿತ್ತು. ಯಾರದೋ ಪರ್ಸು ನನ್ನ ಕೈಗೆ ಬಂದಂತಾಯಿತು. ನೀರಿನಿಂದೆದ್ದು ಬಂದ ಪವಿತ್ರಳೂ ಸಪ್ಪಗಿದ್ದಳು.

"ಯಾಕೆ, ಸಿಲ್ವರ್ ಅಲ್ವಾ?"

"ನಾನ್ ಏನೂ ಮಾಡ್ಲಿಲ್ಲ ಮಿಸ್. ಅದೇ ಎತ್ಕಂಡೋಯ್ತು."

ಸೂಟು ಬಿಚ್ಚುವಾಗ ಬೆನ್ನಿನ ಹೊಲಿಗೆಯ ಬಳಿ ಉದ್ದಕ್ಕೆ ಹರಿಯಿತು. ಅವು ಹೆಚ್ಚು ದಿನ ಬಾಳುವ ವಸ್ತುಗಳಲ್ಲ. ಹೊಸದಕ್ಕೆ ಕೊಡಬೇಕಾದಷ್ಟನ್ನು ಮಹದೇವನ ಮುಂದೆ ಹೇಳುವ ಹಾಗೂ ಇರಲಿಲ್ಲ. ಆದರೆ ಅಷ್ಟರಲ್ಲೇ ಸುದ್ದಿ ಬಂತು. ಇಂಥ ಸೂಟುಗಳನ್ನು ಪ್ರಪಂಚ ಮಟ್ಟದಲ್ಲಿ ನಿಲ್ಲಿಸುತ್ತಾರಂತೆ. ಇನ್ನು ಬಟ್ಟೆ ಬಟ್ಟೆಯೇ ಆಗಿರಬೇಕು, ಗಂಡಸರಿಗೆ ಸೊಂಟದಿಂದ ಮಂಡಿ, ಹೆಂಗಸರಿಗೆ ಭುಜದಿಂದ ಮಂಡಿ, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲ. ನಮ್ಮ ಸ್ಟೇಟ್ ಮೀಟಿಗೂ ಇದನ್ನೇ ತರಬೇಕೋ, ಒಂದು ವರ್ಷ ಬಿಡಬೇಕೋ ಎಂದು ಮೈಸೂರಿನಲ್ಲಿ ಕೋಚುಗಳು, ಅಫಿಷಿಯಲ್ಲುಗಳು ಸಭೆ ಸೇರಿದರು. ನನ್ನನ್ನೂ ಕರೆದಿದ್ದರು.

"ಟ್ಯೂಬ್ ಕಟ್ಕೊಂಡು ಈಜಿದಂಗೆ ಕಣ್ರೀ ಇದು" ಎಂದರು ಒಬ್ಬ ಹಿರಿಯ ಕೋಚು.

ಮಗಳಿಗೆ ಸೂಟು ಕೊಡಿಸಿದ್ದ ತಂದೆಯೊಬ್ಬರು ಎದ್ದು ನಿಂತರು. "ನಾಳೆ ಒಳ್ಳೇ ಶೂ ಹಾಕ್ಕೊಂಡು ಓಡೋದೂ ಮೋಸ ಅಂತೀರಾ? ಬರಿಗಾಲಲ್ಲಿ ಓಡಿಸಿ ಹಾಗಾದ್ರೆ ಎಲ್ಲರನ್ನೂ!"

ಹಿಂದಿನ ಸಾಲಿನಿಂದ ಒಬ್ಬ ಎಳೆಯ ಕೋಚಮ್ಮ ಮೆಲ್ಲಗೆ ಕೇಳಿದರು. "ಬಟ್ಟೆ ಯಾವುದು ಅಂತ ನೋಡಿ, ಸರಿ. ಆದ್ರೆ ಉದ್ದ ಯಾಕೆ ಕಟ್ ಮಾಡ್ಬೇಕು? ಸಾದಾ ಬಟ್ಟೇಲಿ ಕಾಲು ಮುಚ್ಕೊಂಡು ಬಂದ್ರೆ ಯಾರಿಗೆ ಏನು ಲಾಭ?"

ಅದಕ್ಕೆ ಉತ್ತರ ಕೊಟ್ಟವಳು ನಾನು. "ಉದ್ದ ಬಿಟ್ಟರೆ ನಾಳೆ ಅದರೊಳಗೆ ಏನು ಸೇರಿಸುತ್ತಾರೋ ಯಾರು ಬಲ್ಲರು? ರೂಲ್ ಅಂದ ಮೇಲೆ ಎಲ್ಲರಿಗೂ ಒಂದೇ. ಮಕ್ಕಳ ತೋಳು ಗೆಲ್ಲಲಿ, ಅಪ್ಪಂದಿರ ಜೇಬಲ್ಲ." ಜನ ಚಪ್ಪಾಳೆ ತಟ್ಟಿದರು. ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ನನ್ನ ಕೈ. ಬರುವ ಸ್ಟೇಟ್ ಮೀಟಿನಿಂದಲೇ ರೂಲು ಜಾರಿ ಎಂದಾಯಿತು. ನನ್ನ ಮನಸ್ಸಿನಲ್ಲಿದ್ದದ್ದು ಪವಿತ್ರಳೇ. ಸೂಟುಗಳು ಹೋದರೆ ಎಲ್ಲರೂ ಬರೀ ತೋಳಿಗೆ ಬಂದು ನಿಲ್ಲುತ್ತಾರೆ, ಬರೀ ತೋಳಿನಲ್ಲಿ ಅವಳನ್ನು ಮೀರಿಸುವವರು ಇಬ್ಬರೋ ಮೂವರೋ. ಇಷ್ಟೇ ಲೆಕ್ಕ ಹಾಕಿದ್ದೆ.

ಸಂಜೆ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸುವಾಗ ಸ್ಕೂಲು ಬಿಟ್ಟ ಪವಿತ್ರ ಸಿಕ್ಕಿದಳು. ಬೇಕರಿ ಮುಂದೆ ನಿಂತು ಎಲ್ಲ ಹೇಳಿದೆ. ಗುಡ್ ನ್ಯೂಸ್ ಕೊಡುವ ಧಾಟಿಯಲ್ಲೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಅಂಗಾದ್ರೆ ಕಾಲ್ ಮುಚ್ಚಂಗಿಲ್ವಾ ಮಿಸ್?"

ಕೈಯಲ್ಲಿದ್ದ ಟೀ ಕುಡಿದು ಮುಗಿಸಿದೆ. ಬಸ್ಸು ಬಂತು, ಹತ್ತಿದೆವು.  ಒಂದೂವರೆ ಗೇಣು ಕಾಲು, ಮಂಡಿಯಿಂದ ಹಿಮ್ಮಡಿಯವರೆಗೆ, ಇಷ್ಟನ್ನು ನಾನು ಮರೆತಿದ್ದೆ.

ಭಾನುವಾರ ಸಾಕಮ್ಮನ ಜಗಲಿಗೆ ಹೋದೆ. ಮಂಡಿಯವರೆಗಿನ ಸಾದಾ ಬಟ್ಟೆಯ ಈಜುಡುಗೆ ತೋರಿಸಿದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ನಾಟಿ ಮಾಡುವಾಗ ನೀವೆಲ್ಲ ಸೀರೆ ಮಂಡಿಯವರೆಗೆ ಎತ್ತಿ ಕಟ್ಟುತ್ತೀರಲ್ಲ ಸಾಕಮ್ಮನವರೆ?" ಎಂದೆ.

"ಅದು ಕೆಸರು ಟೀಚ್ರಮ್ಮ. ಕಾಲ್ನ ಕೆಸರೇ ಮುಚ್ಕಂಡಿರ್ತದೆ." ನಗಲಿಲ್ಲ ಅವರು. "ಕಾಲ್ ಮಾತಲ್ಲ ಕಣ್ರವ್ವ ಇದು. ಈ ಬೀದಿಯೋರೆಲ್ಲ ಬಂದು ಕೇಳುದ್ರು ನನ್ನ. ಯಾನ್ ಸಾಕವ್ವ, ಮೊಮ್ಮಗಳ್ನ ಬಟ್ಟೆ ಬಿಚ್ಚಿ ನೀರಿಗಿಳಿಸ್ತೀಯಂತೆ ಅಂತ. ನಾನ್ ಒಬ್ಬೊಬ್ಬರ್ಗೂ ಯೋಳಿವ್ನಿ. ಕತ್ತಿಂದ ಇಂಬಡಿಗಂಟ ಮುಚ್ಕಂಡ್ ಬರ್ಬೇಕು ಅಂತ ಸರ್ಕಾರದ ರೂಲೇ ಅದೆ, ಟೀಚ್ರಮ್ಮನೇ ಯೋಳವ್ರೆ ಅಂತ. ಈಗ ನಾನ್ ಓಗಿ ಯಾನಂತ ಯೋಳ್ಳಿ?"

ನಿಜ ಹೇಳುವುದಕ್ಕೆ ಅದೇ ಸಮಯ. ಸಾಕಮ್ಮನವರೆ, ಆ ರೂಲು ಇರಲೇ ಇಲ್ಲ, ನಾನು ಹುಟ್ಟಿಸಿ ಹೇಳಿದ್ದು ಅನ್ನಬೇಕಿತ್ತು. ನಾಲಗೆಯ ಮೇಲೆ ಬಂದೂ ಇತ್ತು. ಆದರೆ ಅವರು ನನಗೆ ಮಣೆ ಹಾಕಿ ಕೂರಿಸಿದ್ದರು, ಟೀಚ್ರಮ್ಮ ಎನ್ನುತ್ತಿದ್ದರು. "ರೂಲು ಬದಲಾಯಿತು" ಅಂದೆ.

"ಬದ್ಲಾಗಂಗಿದ್ರೆ ಅದ್ಯಾವ್ ಸೀಮೆ ರೂಲು? ಅವ್ರ್ ಬದ್ಲಾಯಿಸ್ಕಳ್ಳಿ. ನಾನ್ ಒಂದ್ ಸತಿ ಆಡಿದ್ ಮಾತ ಬದ್ಲಾಯ್ಸಕಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದವಳು ಪವಿತ್ರ. ಬೇಸಿಗೆ ಪೂರ್ತಿ ಚೂಡಿದಾರದಲ್ಲೇ ಕ್ಯಾನಿನಿಂದ ಕ್ಯಾನಿಗೆ ಈಜಿದಳು. ಸ್ಟೇಟ್ ಮೀಟಿಗೆ ಎರಡು ವಾರ ಇರುವಾಗ ಹ್ಯಾಂಡ್‌ಪೋಸ್ಟಿನ ಅಂಗಡಿಯಿಂದ ಕರಿಯ ಲೆಗ್ಗಿಂಗ್ಸ್ ತಂದು, ಈಜುಡುಗೆಯ ಕೆಳಗೆ ಹಾಕಿಕೊಂಡು ಅಜ್ಜಿಯ ಮುಂದೆ ನಿಂತಳು. ಸಾಕಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ ಸರೋಯ್ತು, ನಾನೂ ಬತ್ತೀನಿ ನೋಡಕ್ಕೆ" ಎಂದರು.

"ಪವಿ, ಇದನ್ನು ಹಾಕಿದರೆ ಡಿಸ್‌ಕ್ವಾಲಿಫೈ ಮಾಡ್ತಾರೆ. ಗೊತ್ತಲ್ವಾ?" ಮರುದಿನ ಅಭ್ಯಾಸಕ್ಕೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ.

"ಗೊತ್ತು ಮಿಸ್."

"ನಾನು ಅಜ್ಜಿಗೆ ಹೇಳಲಾ?"

"ಬ್ಯಾಡಿ. ಯೋಳಿದ್ರೆ ನೀರ್ಗೇ ಇಳಿಯಂಗಿಲ್ಲ. ಒಂದ್ಸತಿ ಆದ್ರೂ ನೋಡ್ಲಿ."

ಸ್ಟೇಟ್ ಮೀಟಿನ ರೆಫರಿ ನನಗೆ ಇಪ್ಪತ್ತು ವರ್ಷಗಳ ಪರಿಚಯ. ಹೋಗಿ ಕೇಳಿಕೊಂಡೆ. ಅವರು ಪವಿತ್ರಳ ಕಾಲು ನೋಡಿದರು, ನನ್ನನ್ನು ನೋಡಿದರು. "ರೂಲ್ ಬೇಕು ಅಂತ ಮೊದಲು ಕೈ ಎತ್ತಿದವರು ನೀವೇ ಅಲ್ವಾ ಮೇಡಂ?" ಎಂದರು. ವ್ಯಂಗ್ಯವಿರಲಿಲ್ಲ. "ಈಜಲಿ, ತಡೆಯೋಲ್ಲ. ಆದರೆ ಡಿಸ್‌ಕ್ವಾಲಿಫೈ ಸ್ಲಿಪ್ ಬರೀಲೇಬೇಕು."

ಆರನೆಯ ಲೇನು ಅವಳದು. ಆರನೆಯ ಲೇನಿನ ಟೈಮ್‌ಕೀಪರ್ ನಾನೇ ಆಗಿದ್ದೆ. ಮೊದಲೇ ಹಂಚಿಕೆಯಾಗಿತ್ತು, ಬದಲಿಸಿ ಎಂದು ಕೇಳಲಿಲ್ಲ.

ಮೊದಲ ಐವತ್ತು ಮೀಟರ್ ಅವಳು ಎರಡನೆಯವಳು. ತಿರುಗಿದ ಮೇಲೆ ಲೆಗ್ಗಿಂಗ್ಸ್ ನೀರು ಕುಡಿದು ಕಾಲು ಕೆಳಕ್ಕೆ ಜಗ್ಗತೊಡಗಿತು. ದಡದಿಂದಲೇ ಕಾಣುತ್ತಿತ್ತು. ಇಬ್ಬರು ಮುಂದೆ ಹೋದರು. ಕೊನೆಯ ಹದಿನೈದು ಮೀಟರಿನಲ್ಲಿ ಅವಳು ಕಾಲನ್ನು ಮರೆತೇಬಿಟ್ಟಳು, ಬರೀ ತೋಳಿನಲ್ಲಿ ಬಂದಳು. ಒಬ್ಬಳನ್ನು ದಾಟಿ, ಮೂರನೆಯವಳಾಗಿ ಗೋಡೆ ಮುಟ್ಟಿದಳು. ಅವಳ ಕೈ ನನ್ನ ಚಪ್ಪಲಿಯ ಕೆಳಗೇ ಇತ್ತು. ವಾಚ್ ನಿಲ್ಲಿಸಿದೆ. ಟೈಮ್ ಬರೆದೆ. ಅದು ಪೂರ್ತಿ ಅವಳದೇ ಟೈಮು, ಯಾವ ಬಟ್ಟೆಯೂ ಒಂದು ಚೂರೂ ಸಹಾಯ ಮಾಡಿರಲಿಲ್ಲ. ರೆಫರಿ ಸ್ಲಿಪ್ಪು ಚಾಚಿದರು. ಲೇನ್ ಆರು, ಉಡುಪು ನಿಯಮಬಾಹಿರ, ಎಂದು ಇಂಗ್ಲಿಷಿನಲ್ಲಿ, ನನ್ನ ಚಂದದ ಕರ್ಸಿವ್ ಅಕ್ಷರದಲ್ಲಿ ಬರೆದು ಸಹಿ ಮಾಡಿದೆ. ಸ್ಲಿಪ್ಪನ್ನು ರೆಫರಿಯ ಕೈಗಿಟ್ಟೆ. 

ಲೇನ್ ಆರು ಡಿಸ್‌ಕ್ವಾಲಿಫೈಡ್ ಎಂದು ಮೈಕಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದರು. ಗ್ಯಾಲರಿಯಲ್ಲಿ ಸಾಕಮ್ಮ ಎದ್ದು ನಿಂತು ಮೂರು ಬೆರಳು ತೋರಿಸುತ್ತಿದ್ದರು. ಕೆಳಗಿಳಿದು ಬಂದು ಒದ್ದೆ ಹುಡುಗಿಯ ಗಲ್ಲ ಹಿಡಿದು, "ಮೂರ್ನೇದು! ಆಟೊಂದ್ ಜನದಲ್ಲಿ ಮೂರ್ನೇದು ಕಣವ್ವ!" ಎಂದರು.

"ಊ ಕಣಜ್ಜಿ, ಮೂರ್ನೇದು," ಅಂದಳು ಪವಿತ್ರ. ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ಈಗ ಅವಳು ಸಾಲಿಗ್ರಾಮದಲ್ಲಿದ್ದಾಳೆ. ಗಂಡನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ, ಅದನ್ನು ನಡೆಸುವುದು ಹೆಚ್ಚು ಇವಳೇ. ಕೆಲವು ವರ್ಷಗಳ ಹಿಂದೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮಿಸ್, ಎಷ್ಟ್ ಸಣ್ಣಗಾಗೋಗಿದ್ದೀರಿ" ಎಂದು ನನ್ನ ಬ್ಯಾಗು ಇಸಿದುಕೊಂಡಳು. ಈಜುತ್ತೀಯಾ ಎಂದು ಕೇಳಿದೆ. "ಒಳೆ ಪಕ್ಕದಲ್ಲೇ ಅದೆ ಮಿಸ್. ಬಟ್ಟೆ ಒಗಿಯಕ್ಕೆ ಓಗ್ತೀನಿ."  

ಆ ಮೀಟಿನ ನಂತರ ಒಂದು ತಿಂಗಳು ಸಾಕಮ್ಮ ಹಾಸ್ಟೆಲಿನ ಕಾಗದಕ್ಕೆ ಕಾದರು. ಪೋಸ್ಟ್‌ಮ್ಯಾನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರಂತೆ. ನನ್ನನ್ನೂ ಎರಡು ಸಲ ಕೇಳಿದರು. ಪವಿತ್ರ ತಾನಾಗಿ ಹೇಳುವವಳಲ್ಲ. ಪ್ರಭುವಿಗೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದೆವು. ಹೊರಡುವ ಹಿಂದಿನ ದಿನ ಬೆಳಗ್ಗೆ ಅವರ ಜಗಲಿಗೆ ಹೋದೆ. ಅವರು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಿಂತುಕೊಂಡೇ ಹೇಳಿದೆ. ಕಾಗದ ಬರುವುದಿಲ್ಲ, ಮೂರನೆಯದು ಲೆಕ್ಕಕ್ಕೆ ಬರಲಿಲ್ಲ, ಕಾಲು ಮುಚ್ಚಿದ್ದಕ್ಕೆ ತೆಗೆದುಹಾಕಿದರು, ತೆಗೆದುಹಾಕಿದ ಚೀಟಿ ಬರೆದವಳು ನಾನು, ಆ ರೂಲು ಬೇಕೆಂದು ಕೈ ಎತ್ತಿದವಳೂ ನಾನು. ಮೊದಲು ಹೇಳಿದ ರೂಲು, ಕತ್ತಿನಿಂದ ಹಿಮ್ಮಡಿಯವರೆಗಿನದು, ಅದು ಎಲ್ಲೂ ಇರಲಿಲ್ಲ.

ಅವರು ಕೇರುವುದನ್ನು ನಿಲ್ಲಿಸಲಿಲ್ಲ. ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬಿತ್ತು. ಬೈಯುತ್ತಾರೆ ಎಂದು ಕಾದೆ.

"ಆವತ್ತು ಆ ಚಿಕ್ ಬಟ್ಟೆ ತಕಂಡ್ ಬಂದ್ರಲ್ಲ," ಅಂದರು ಕೊನೆಗೆ, "ಆವತ್ತೇ ಇದ್ನ ಯೋಳ್ಬಾರ್ದಾಗಿತ್ತಾ ಟೀಚ್ರಮ್ಮ? ಮೈಸೂರ್ ಟೀಚ್ರಮ್ಮ ನಂಗೆ ಸುಳ್ಳ್ ಯೋಳ್ಬುಟ್ಟವ್ರೆ ಅಂತ ಬೀದಿಯೋರ್ಗೆಲ್ಲ ಯೋಳಿ, ನಾಕ್ ದಿನ ನಿಮ್ಮ ಬೈಕಂಡು, ಮಗೀನ ಕಳಿಸ್ಬುಡ್ತಿದ್ದೆ."

ಮೊರ ಕೆಳಗಿಟ್ಟು ಒಳಗೆ ಹೋದರು. ಕಾಫಿ ತಂದು ಕೊಟ್ಟರು. ಕೂತುಕೊಂಡು ಕುಡಿದೆ. ಸಕ್ಕರೆ ಎಂದಿನಂತೆ ಜಾಸ್ತಿಯಿತ್ತು.